ಅಜ್ಜಿಯ ಕಾಲುಗುರು ತೆಗೆಯುವವರು ಯಾರು?

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೊದಲ ದಿನ. ಹಾಲ್ ಟಿಕೆಟ್ಟು, ಎರಡು ಪೆನ್ನು, ಜಾಮಿಟ್ರಿ ಬಾಕ್ಸು ಎಲ್ಲ ಇವೆಯೇ ಎಂದು ಮತ್ತೊಮ್ಮೆ ನೋಡಿಕೊಂಡ ಹುಡುಗ, ಹೊರಡುವ ಮುನ್ನ ಜಗುಲಿಯ ಮೇಲೆ ಕುಳಿತ ಅಜ್ಜಿಯ ಕಾಲಿಗೆ ನಮಸ್ಕರಿಸುತ್ತಾನೆ. ಅಜ್ಜಿ ತಲೆ ಸವರಿ, "ಒಳ್ಳೇದಾಗ್ಲಿ ಕಣ್ ಮಗ, ಎದುರ್ಕೋಬ್ಯಾಡ" ಎನ್ನುತ್ತಾರೆ. ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರ ಹೋಬಳಿಯ ಯಾವ ಊರಿನಲ್ಲಾದರೂ ಕಾಣಬಹುದಾದ ನೋಟ ಇದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲೂ ಬೇರೆಯಲ್ಲ.

ಆ ಹೊತ್ತಿನಲ್ಲಿ ಹುಡುಗನ ಕಣ್ಣು ಅಜ್ಜಿಯ ಪಾದದಿಂದ ಒಂದು ಗೇಣು ದೂರದಲ್ಲಿತ್ತು. ಅಷ್ಟು ಹತ್ತಿರ ಬಂದವನು ಆ ಪಾದವನ್ನು ನೋಡಿದನೇ? ಹೆಬ್ಬೆರಳಿನ ಉಗುರು ದಪ್ಪಗಾಗಿ ಹಳದಿ ತಿರುಗಿದೆಯೇ? ಉಗುರಿನ ಮೂಲೆ ಚರ್ಮದೊಳಗೆ ಇಳಿದಿದೆಯೇ? ಕಿರುಬೆರಳಿನ ಪಕ್ಕ ಸಣ್ಣದೊಂದು ಗಾಯ ಇದೆಯೇ? ಕೇಳಿದರೆ ಹೆಚ್ಚಿನ ಮಕ್ಕಳು ಉತ್ತರ ಹೇಳಲಾರರು. ಅವರ ತಂದೆತಾಯಿಯರೂ ಹೇಳಲಾರರು. ನಮಸ್ಕರಿಸುವಾಗ ಕಣ್ಣು ಮುಚ್ಚುವುದು ರೂಢಿ.

ಈಗ ಆ ಮನೆಯನ್ನೇ ಇನ್ನಷ್ಟು ಕಲ್ಪಿಸಿಕೊಳ್ಳೋಣ. ಪರೀಕ್ಷೆ ಮುಗಿದು ರಜೆ ಬಂದಿದೆ. ಅಜ್ಜಿ ಒಂದು ದಿನ ಹಳೆಯ ಬ್ಲೇಡಿನಿಂದ ತಮ್ಮ ಕಾಲುಗುರನ್ನು ಕೆತ್ತುತ್ತಾ ಕುಳಿತಿದ್ದಾರೆ. ಬೆರಳ ತುದಿಯಲ್ಲಿ ರಕ್ತ ಕಂಡ ಮೊಮ್ಮಗ ಗಾಬರಿಯಾಗುತ್ತಾನೆ. ಅಜ್ಜಿಗೆ ಮಾತ್ರ ಗಾಬರಿಯಿಲ್ಲ. "ಒಸಿ ತಗುಲ್ತು ಅಷ್ಟೆ, ಬುಡು. ನೋವೇನೂ ಇಲ್ಲ ಕಣ್ ಮಗ" ಎನ್ನುತ್ತಾರೆ. ಮನೆಯವರಿಗೆಲ್ಲ ಸಮಾಧಾನ. ಆದರೆ ಸಮಾಧಾನ ಪಡಬಾರದ ಮಾತು ಅದೇ. ಬ್ಲೇಡು ತಗುಲಿ ರಕ್ತ ಬಂದರೂ ನೋವಾಗಲಿಲ್ಲ ಎಂದರೆ ಏನರ್ಥ? ಇದಕ್ಕೆ ಉತ್ತರ ತಿಳಿಯಲು ಮೊದಲು ಉಗುರಿನ ಸಂಗತಿ ತಿಳಿಯಬೇಕು.

ಗೊರಸು ಮತ್ತು ಉಗುರು

ಜನವರಿಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ಜಾನುವಾರು ಜಾತ್ರೆ ನಡೆಯುತ್ತದೆ. ಅಲ್ಲಿ ಎತ್ತು ಕೊಳ್ಳಲು ಬಂದ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಬಗ್ಗಿ ಗೊರಸನ್ನೂ ನೋಡುತ್ತಾನೆ. ಗೊರಸು ಸರಿಯಿಲ್ಲದ ಎತ್ತು ಗಾಡಿಗೂ ಆಗದು, ನೇಗಿಲಿಗೂ ಆಗದು ಎಂಬುದು ಅವನಿಗೆ ಗೊತ್ತು. ಬೆಳೆದ ಗೊರಸನ್ನು ಕೆತ್ತಿಸಿ ಲಾಳ ಹೊಡೆಸುತ್ತಾನೆ. ಲಾಳದ ಮೊಳೆ ಗೊರಸಿನೊಳಗೆ ಇಳಿದರೂ ಎತ್ತಿಗೆ ನೋವಾಗುವುದಿಲ್ಲ. ಏಕೆಂದರೆ ಗೊರಸಿನ ಹೊರಭಾಗ ಜೀವವಿಲ್ಲದ ವಸ್ತು. ಅದರ ಹೆಸರು ಕೆರಾಟಿನ್. ಇದೊಂದು ಪ್ರೋಟೀನು. ಎತ್ತಿನ ಕೊಂಬಿನ ಹೊರಕವಚ, ಕೋಳಿಯ ಉಗುರು, ಮನುಷ್ಯನ ಕೂದಲು, ಕೈಕಾಲಿನ ಉಗುರು ಎಲ್ಲವೂ ಕೆರಾಟಿನ್ ಮನೆತನಕ್ಕೆ ಸೇರಿದವು.

ಉಗುರು ಬೆಳೆಯುವುದು ತುದಿಯಲ್ಲಿ ಅಲ್ಲ, ಬುಡದಲ್ಲಿ. ಬುಡದ ಚರ್ಮದ ಮಡಿಕೆಯ ಕೆಳಗೆ ಉಗುರಿನ ಬೇರು ಇದೆ. ಅಲ್ಲಿ ಹುಟ್ಟಿದ ಜೀವಕೋಶಗಳು ಕೆರಾಟಿನ್ ತುಂಬಿಕೊಂಡು ಚಪ್ಪಟೆಯಾಗುತ್ತವೆ, ಸಾಯುತ್ತವೆ, ಹಿಂದಿನಿಂದ ಬರುವ ಹೊಸ ಕೋಶಗಳ ಒತ್ತಡಕ್ಕೆ ಮುಂದೆ ಸರಿಯುತ್ತವೆ. ಹೆಬ್ಬೆರಳಿನ ಬುಡದಲ್ಲಿ ಕಾಣುವ ಬಿಳಿಯ ಅರ್ಧಚಂದ್ರ ಈ ಬೇರಿನ ಹೊರಗೆ ಇಣುಕಿದ ಭಾಗ. ಬುಡದಲ್ಲಿ ಉಗುರಿಗೆ ಅಂಟಿದ ತೆಳುಚರ್ಮ ನೀರು, ರೋಗಾಣು ಒಳಗೆ ಹೋಗದಂತೆ ತಡೆಯುವ ಬಿರಡೆ. ಉಗುರಿನ ಕೆಳಗಿನ ಹಾಸು ಮಾತ್ರ ಜೀವಂತ. ಅಲ್ಲಿ ರಕ್ತನಾಳಗಳೂ ನರತುದಿಗಳೂ ತುಂಬಿವೆ. ಆದ್ದರಿಂದಲೇ ಉಗುರಿನ ತುದಿ ಕತ್ತರಿಸಿದರೆ ನೋವಿಲ್ಲ, ಸ್ವಲ್ಪ ಒಳಗೆ ಹೋದರೆ ಜೀವ ಹೋದಂತಾಗುತ್ತದೆ.

ಉಗುರು ಎಷ್ಟು ಬೇಗ ಬೆಳೆಯುತ್ತದೆ? ವಯಸ್ಕರ ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ, ಕಾಲುಗುರು ಅದರ ಅರ್ಧದಷ್ಟು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಕೈಯುಗುರು ಬಿದ್ದುಹೋದರೆ ಆರು ತಿಂಗಳಲ್ಲಿ ಹೊಸದು ಬರುತ್ತದೆ. ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು ಬೇಕು.

ವಯಸ್ಸಾದಂತೆ ಈ ವೇಗ ಇಳಿಯುತ್ತದೆ. ಇದನ್ನು ತೋರಿಸಿದ ಪ್ರಯೋಗವೊಂದು ಸ್ವಾರಸ್ಯವಾಗಿದೆ. ವಿಲಿಯಂ ಬೀನ್ ಎಂಬ ಅಮೆರಿಕದ ವೈದ್ಯರು 1941ರಲ್ಲಿ, ತಮ್ಮ 32ನೇ ವಯಸ್ಸಿನಲ್ಲಿ, ಎಡಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಅರದಿಂದ ಒಂದು ಗೆರೆ ಎಳೆದರು. ಆ ಗೆರೆ ತುದಿ ಮುಟ್ಟಲು ಎಷ್ಟು ದಿನ ಹಿಡಿಯಿತೆಂದು ಎಣಿಸಿದರು. ತಿಂಗಳು ತಿಂಗಳೂ ಮೊದಲ ದಿನ ಹೊಸ ಗೆರೆ. ಹೀಗೆ 35 ವರ್ಷ ಬಿಡದೆ ಮಾಡಿದರು. 1980ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ನೇ ವಯಸ್ಸಿನಲ್ಲಿ 0.095 ಮಿಲಿಮೀಟರ್‌ಗೆ ಇಳಿದಿತ್ತು. ಲೆಕ್ಕ ಹಾಕಿದರೆ ವೇಗ ನೂರಕ್ಕೆ ಸುಮಾರು 23ರಷ್ಟು ಕಡಿಮೆಯಾಯಿತು. ಈ ಸಂಶೋಧನೆಗೆ ಬೇಕಾದ ಉಪಕರಣ ಒಂದು ಅರ ಮತ್ತು ಒಂದು ಕ್ಯಾಲೆಂಡರು. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ.

ಮುಪ್ಪಿನಲ್ಲಿ ಉಗುರು

ನಿಧಾನವಾಗಿ ಬೆಳೆಯುವ ಉಗುರು ತೆಳುವಾಗಬೇಕಲ್ಲವೇ? ಕಾಲಿನಲ್ಲಿ ಸಾಮಾನ್ಯವಾಗಿ ಆಗುವುದು ಇದಕ್ಕೆ ವಿರುದ್ಧ. ಮುಂದೆ ಸರಿಯುವ ವೇಗ ಕಡಿಮೆಯಾದಾಗ ಕೆರಾಟಿನ್ ಪದರಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಐವತ್ತು ಅರವತ್ತು ವರ್ಷ ಎಡವಿದ ಪೆಟ್ಟು, ಬಿಗಿ ಚಪ್ಪಲಿಯ ಒತ್ತಡ, ಪಾದಕ್ಕೆ ಇಳಿಯುವ ರಕ್ತ ಕಡಿಮೆಯಾಗಿರುವುದು ಇವೂ ಸೇರಿಕೊಳ್ಳುತ್ತವೆ. ಕೆಲವರ ಹೆಬ್ಬೆರಳಿನ ಉಗುರು ಟಗರಿನ ಕೊಂಬಿನಂತೆ ದಪ್ಪಗಾಗಿ ಸುರುಳಿ ಸುತ್ತಿಕೊಳ್ಳುವುದೂ ಉಂಟು.

ಇನ್ನೊಂದು ಕಾರಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ. ಕೆ.ಆರ್. ನಗರದ ಕಡೆ ಭತ್ತದ ಗದ್ದೆಯಲ್ಲಿ ನಾಟಿ, ಕಳೆ ಎಂದು ಹೊತ್ತೆಲ್ಲ ಕೆಸರಿನಲ್ಲಿ ನಿಂತವರ ಬೆರಳ ಸಂದಿ ಬಿಳಿಚಿ ಸುಲಿಯುವುದನ್ನು ಎಲ್ಲರೂ ಕಂಡಿದ್ದಾರೆ. ಒದ್ದೆ ಚರ್ಮದಲ್ಲಿ ನೆಲೆ ನಿಂತ ಶಿಲೀಂಧ್ರ ಉಗುರಿಗೂ ಹತ್ತುತ್ತದೆ. ಆಗ ಉಗುರು ಹಳದಿಯಾಗಿ, ದಪ್ಪಗಾಗಿ, ಅಂಚಿನಲ್ಲಿ ಪುಡಿಪುಡಿಯಾಗುತ್ತದೆ. ಆದರೆ ದಪ್ಪ ಉಗುರೆಲ್ಲ ಶಿಲೀಂಧ್ರದ್ದಲ್ಲ. ಕೆಟ್ಟಂತೆ ಕಾಣುವ ಕಾಲುಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಅದು ಕಾರಣ. ಉಗುರಿನ ಚೂರನ್ನು ಪರೀಕ್ಷಿಸಿಯೇ ಹೇಳಬೇಕು. ಶಿಲೀಂಧ್ರಕ್ಕೆ ಕೊಡುವ ಮಾತ್ರೆಯನ್ನು ಮೂರು ತಿಂಗಳಷ್ಟು ಕಾಲ ನುಂಗಬೇಕಾಗುತ್ತದೆ. ಅದು ಯಕೃತ್ತಿಗೆ ಒಗ್ಗುತ್ತದೆಯೇ ಎಂದೂ ನೋಡಬೇಕು. ಆದ್ದರಿಂದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಔಷಧ ಇದಲ್ಲ.

ಪೆಟ್ಟು ಬಿದ್ದ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದರೆ ಕಪ್ಪು ಕಲೆಯಾಗುತ್ತದೆ. ಅದು ಉಗುರಿನ ಜೊತೆಗೆ ತಿಂಗಳು ತಿಂಗಳೂ ಮುಂದೆ ಸರಿಯುತ್ತದೆ. ಪೆಟ್ಟಿಲ್ಲದೆ ಒಂದೇ ಉಗುರಿನಲ್ಲಿ ಹುಟ್ಟಿ, ಸರಿಯದೆ ಅಗಲವಾಗುತ್ತಾ ಹೋಗುವ ಕಪ್ಪು ಗೆರೆ ಬೇರೆ. ಅಪರೂಪಕ್ಕೆ ಅದು ಚರ್ಮದ ಕ್ಯಾನ್ಸರ್ ಆಗಿರಬಹುದು. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಶುರುವಾದ ಇಂಥ ಕ್ಯಾನ್ಸರಿನಿಂದ. ಅಂಥ ಗೆರೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಉಗುರು ದಪ್ಪಗಾಗುವ ವಯಸ್ಸಿನಲ್ಲೇ ಅದನ್ನು ತೆಗೆಯುವ ಶಕ್ತಿಯೂ ಕುಂದುತ್ತದೆ. ಸೊಂಟ ಬಗ್ಗುವುದಿಲ್ಲ, ಮಂಡಿ ಮಡಿಸಲಾಗುವುದಿಲ್ಲ, ಕಣ್ಣಿಗೆ ಪೊರೆ ಬಂದಿದೆ, ಕೈ ನಡುಗುತ್ತದೆ. ಹಿಂದೆ ಕ್ಷೌರಕ್ಕೆಂದು ಮನೆಗೆ ಬರುತ್ತಿದ್ದವರು ಪುಟ್ಟ ಉಳಿಯಂಥ ಸಾಧನದಿಂದ ಉಗುರನ್ನೂ ತೆಗೆದುಕೊಡುತ್ತಿದ್ದರು. ಆ ಪದ್ಧತಿ ಬಹುಪಾಲು ನಿಂತಿದೆ. ಮಗ ಸೊಸೆಗೆ ಹೇಳಲು ಸಂಕೋಚ. ಕೊನೆಗೆ ಉಳಿಯುವುದು ಬ್ಲೇಡು. ಅಜ್ಜಿಯ ಬೆರಳಿಗೆ ಗಾಯವಾದದ್ದು ಹೀಗೆ.

ನೋವಿಲ್ಲದ ಗಾಯ

ಈಗ "ನೋವೇನೂ ಇಲ್ಲ" ಎಂಬ ಮಾತಿಗೆ ಬರೋಣ. ಇದರ ಅರ್ಥವನ್ನು ಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರಾದವರು ಡಾ. ಪಾಲ್ ಬ್ರಾಂಡ್ (1914-2003). ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಅವರು ಇಂಗ್ಲೆಂಡಿನಲ್ಲಿ ವೈದ್ಯಕೀಯ ಕಲಿತು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲಿನ ಬೆರಳು ರೋಗದಿಂದಾಗಿ ತಾನಾಗಿಯೇ ಕೊಳೆತು ಉದುರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ರೋಗಿಗಳ ದಿನಚರಿಯನ್ನೇ ಗಮನಿಸಿದರು. ಅವರು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುತ್ತಿದ್ದರು, ಮುಳ್ಳು ಚುಚ್ಚಿದ ಕಾಲಿನಲ್ಲೇ ನಡೆಯುತ್ತಿದ್ದರು. ರೋಗ ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಸಿದಿತ್ತು. ಬೆರಳು ಹೋಗುತ್ತಿದ್ದದ್ದು ಅರಿವಿಗೆ ಬಾರದ ಗಾಯಗಳಿಂದ, ಆ ಗಾಯಗಳು ಕೀವಾಗುವುದರಿಂದ.

ಮುಂದೆ ಅಮೆರಿಕದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ, ಸಕ್ಕರೆ ಕಾಯಿಲೆಯವರ ಪಾದದಲ್ಲೂ ಇದೇ ಕತೆ ನಡೆಯುತ್ತಿದೆ ಎಂದು ಅವರು ಕಂಡುಕೊಂಡರು. ಕುಷ್ಠರೋಗಿಗಳ ಪಾದ ರಕ್ಷಣೆಗೆ ಕಲಿತ ಪಾಠವನ್ನು ಸಕ್ಕರೆ ಕಾಯಿಲೆಯವರಿಗೂ ಕಲಿಸಿದರು. ಕುಷ್ಠರೋಗಿಗಳಿಗೆ ಕೊಡುವ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಯನ್ನು ಈಗ ಸಕ್ಕರೆ ಕಾಯಿಲೆಯವರಿಗೂ ಬರೆದುಕೊಡುವುದು ಈ ನಂಟಿನಿಂದಲೇ. 1993ರಲ್ಲಿ ಬ್ರಾಂಡ್ ಮತ್ತೊಬ್ಬ ಲೇಖಕರೊಡನೆ ಬರೆದ ಪುಸ್ತಕದ ಹೆಸರು ನೋವನ್ನು 'ಯಾರಿಗೂ ಬೇಡದ ಉಡುಗೊರೆ' ಎಂದು ಕರೆಯುತ್ತದೆ.

ಸಕ್ಕರೆ ಕಾಯಿಲೆ ಕಾಲಿನ ತುದಿಯಿಂದಲೇ ಏಕೆ ಶುರುಮಾಡುತ್ತದೆ? ಬೆನ್ನುಹುರಿಯಿಂದ ಕಾಲ್ಬೆರಳಿಗೆ ಹೋಗುವ ನರತಂತು ಶರೀರದಲ್ಲೇ ಅತಿ ಉದ್ದ, ಸುಮಾರು ಒಂದು ಮೀಟರ್. ಕೊನೆಯ ಗದ್ದೆಗೆ ನಾಲೆಯ ನೀರು ಮುಟ್ಟದೆ ಹೋಗುವಂತೆ, ಉದ್ದದ ನರಕ್ಕೆ ಪೋಷಣೆ ಕುಂದಿದರೆ ಮೊದಲು ಸೊರಗುವುದು ತುದಿ. ಕೆಲವರಿಗೆ ಪಾದ ಜುಮ್ಮೆನ್ನುತ್ತದೆ, ಉರಿಯುತ್ತದೆ, ಹತ್ತಿಯ ಮೇಲೆ ನಡೆದಂತಾಗುತ್ತದೆ. ಇನ್ನು ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಅವರೇ ಹೆಚ್ಚು ಅಪಾಯದಲ್ಲಿರುವವರು. ಇದರ ಜೊತೆಗೆ ಕಾಲಿನ ರಕ್ತನಾಳಗಳೂ ಕಿರಿದಾದರೆ ಗಾಯ ಮಾಯುವುದಿಲ್ಲ. ಬೀಡಿ, ಸಿಗರೇಟು ಈ ನಾಳಗಳನ್ನು ಮತ್ತಷ್ಟು ಕಿರಿದು ಮಾಡುತ್ತವೆ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ತಂಬಾಕು ಬೆಳೆಯುವವರೂ ಈ ಮಾತನ್ನು ನೆನಪಿಡಬೇಕು.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿದೆ. ಈ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವ ಹತ್ತು ಜನರಲ್ಲಿ ಎಂಟು ಜನರಿಗಾದರೂ ತೊಂದರೆ ಶುರುವಾಗುವುದು ಪಾದದ ಒಂದು ಹುಣ್ಣಿನಿಂದ. ಆ ಹುಣ್ಣಿಗೆ ಕಾರಣ ಚಪ್ಪಲಿ ಕಡಿದದ್ದಿರಬಹುದು, ಕಲ್ಲು ಒತ್ತಿದ್ದಿರಬಹುದು, ತಪ್ಪಾಗಿ ತೆಗೆದ ಉಗುರೂ ಇರಬಹುದು. ಹುಣ್ಣನ್ನು ಮೊದಲ ವಾರದಲ್ಲೇ ಕಂಡರೆ ಕಾಲು ಉಳಿಯುತ್ತದೆ. ಅಜ್ಜಿಗೆ ನೋವು ಕಾವಲು ನಿಲ್ಲದಿದ್ದರೆ ಮನೆಯವರ ಕಣ್ಣು ಆ ಕೆಲಸ ಮಾಡಬೇಕು.

ಆರು ಸ್ಪರ್ಶದ ಪರೀಕ್ಷೆ

ಪಾದದಲ್ಲಿ ಅರಿವು ಇದೆಯೇ ಎಂದು ನೋಡಲು ವೈದ್ಯರು 10 ಗ್ರಾಂ ಬಲಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಬಳಸುತ್ತಾರೆ. ಅದು ಮನೆಯಲ್ಲಿ ಇರುವುದಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದ ವಿಧಾನಕ್ಕೆ ತೋರುಬೆರಳು ಸಾಕು. ಹೈಸ್ಕೂಲು ಮಕ್ಕಳು ಇದನ್ನು ಧಾರಾಳವಾಗಿ ಮಾಡಬಹುದು.

ಹಿರಿಯರು ಕಾಲು ಚಾಚಿ, ಕಣ್ಣು ಮುಚ್ಚಿ ಆರಾಮವಾಗಿರಲಿ. ಮುಟ್ಟಿದ್ದು ತಿಳಿದರೆ "ಬಲ" ಅಥವಾ "ಎಡ" ಎನ್ನಬೇಕೆಂದು ಮೊದಲೇ ಹೇಳಿ. ನಂತರ ತೋರುಬೆರಳಿನ ತುದಿಯಿಂದ ಹೂವು ಮುಟ್ಟಿದಷ್ಟು ಹಗುರವಾಗಿ, ಒಂದೆರಡು ಸೆಕೆಂಡು ಮಾತ್ರ, ಬೆರಳ ತುದಿಗಳನ್ನು ಮುಟ್ಟಿ. ಮೊದಲು ಬಲಗಾಲಿನ ಹೆಬ್ಬೆರಳು, ಬಲಗಾಲಿನ ಕಿರುಬೆರಳು; ಬಳಿಕ ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು; ಕೊನೆಗೆ ಬಲಗಾಲಿನ ನಡುಬೆರಳು, ಎಡಗಾಲಿನ ನಡುಬೆರಳು. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಒಮ್ಮೆ ಮುಟ್ಟಿದಾಗ ಉತ್ತರ ಬರದಿದ್ದರೆ ಮತ್ತೆ ಮುಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಅರಿವು ಕುಂದಿರಬಹುದೆಂದು ತಿಳಿದು ವೈದ್ಯರಿಗೆ ಹೇಳಬೇಕು. ಆರೂ ತಿಳಿಯಿತೆಂದು ಸಕ್ಕರೆ ಕಾಯಿಲೆಯವರು ವೈದ್ಯರ ಬಳಿ ವರ್ಷಕ್ಕೊಮ್ಮೆ ಮಾಡಿಸಬೇಕಾದ ಪಾದದ ಪರೀಕ್ಷೆಯನ್ನು ಬಿಡುವಂತಿಲ್ಲ.

ನಮ್ಮ ಕಲ್ಪನೆಯ ಮೊಮ್ಮಗ ಈ ಪರೀಕ್ಷೆ ಮಾಡಿದ ಎನ್ನೋಣ. ಅಜ್ಜಿ ಆರರಲ್ಲಿ ಮೂರಕ್ಕೆ ಮಾತ್ರ ಉತ್ತರ ಕೊಟ್ಟರು. "ಮುಗೀತೇನ್ಲಾ?" ಎಂದು ಕೇಳಿದಾಗ ಅವನ ಬೆರಳು ಇನ್ನೂ ಅವರ ಎಡಗಾಲಿನ ಮೇಲೇ ಇತ್ತು. ಅವನು ಉಗುರು ತೆಗೆಯಲು ಹೋಗದೆ ಅಪ್ಪನಿಗೆ ವಿಷಯ ಹೇಳಿದ. ಮಾಡಬೇಕಾದದ್ದೂ ಅದೇ.

ಮನೆಯಲ್ಲಿ ಯಾರ ಉಗುರು ತೆಗೆಯಬಹುದು?

ಸಕ್ಕರೆ ಕಾಯಿಲೆಯಿದ್ದು ಪಾದದ ಅರಿವು ಕುಂದಿದವರು, ಹಿಂದೆ ಕಾಲಿನಲ್ಲಿ ಹುಣ್ಣಾಗಿದ್ದವರು, ಪಾದಕ್ಕೆ ರಕ್ತಸಂಚಾರ ಕಡಿಮೆಯಿರುವವರು, ರಕ್ತ ತೆಳುವಾಗಲು ಮಾತ್ರೆ ನುಂಗುವವರು, ಉಗುರು ಕೊಂಬಿನಂತೆ ಸುತ್ತಿಕೊಂಡವರು, ಉಗುರಿನ ಮೂಲೆ ಊದಿ ಕೀವು ತುಂಬಿದವರು - ಇವರೆಲ್ಲ ಮೊದಲು ವೈದ್ಯರನ್ನು ಕೇಳಬೇಕು. ಉಳಿದ ಹಿರಿಯರ ಉಗುರನ್ನು ಮನೆಯಲ್ಲೇ ತೆಗೆಯಬಹುದು. ಅದಕ್ಕೊಂದು ಕ್ರಮವಿದೆ.

ಹೊತ್ತು: ಹಗಲು, ಒಳ್ಳೆಯ ಬೆಳಕಿನಲ್ಲಿ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಬುಡ್ಡಿದೀಪದ ಕಾಲದಲ್ಲಿ ಬೆರಳು ಉಳಿಸಿದ ಮಾತು ಅದು. ಕಣ್ಣು ಮಂಜಾದವರಿಗೆ ಇಂದಿಗೂ ಸರಿಯೇ.

ನೆನೆಸುವುದು: ಸ್ನಾನವಾದ ಕೂಡಲೇ ಉಗುರು ತೆಗೆಯುವುದು ಒಳ್ಳೆಯದು. ಇಲ್ಲವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಪಾದ ನೆನೆಸಬೇಕು. ನೀರಿನ ಅಣುಗಳು ಕೆರಾಟಿನ್ ಎಳೆಗಳ ನಡುವೆ ನುಸುಳುವುದರಿಂದ ಉಗುರು ಮೆತ್ತಗಾಗುತ್ತದೆ, ಸಿಡಿಯುವುದಿಲ್ಲ. ನೀರಿನ ಬಿಸಿಯನ್ನು ಹಿರಿಯರ ಪಾದದಿಂದ ಪರೀಕ್ಷಿಸಬಾರದು. ಮನೆಯ ಬೇರೊಬ್ಬರು ಮೊಣಕೈ ಅದ್ದಿ ನೋಡಬೇಕು. ಅರಿವಿಲ್ಲದ ಕಾಲು ಹಂಡೆಯ ಕುದಿನೀರಿನಲ್ಲೂ ಸುಮ್ಮನಿರುತ್ತದೆ. ಸಕ್ಕರೆ ಕಾಯಿಲೆಯವರು ಕಾಲನ್ನು ತುಂಬ ಹೊತ್ತು ನೆನೆಸಲೂ ಬಾರದು. ಆಮೇಲೆ ಬೆರಳ ಸಂದಿಯೂ ಸೇರಿದಂತೆ ಪಾದವನ್ನು ಒಣಬಟ್ಟೆಯಿಂದ ಒತ್ತಿ ಒರೆಸಬೇಕು.

ಸಾಧನ: ಬ್ಲೇಡು, ಚಾಕು, ಬಟ್ಟೆ ಕತ್ತರಿ ಬೇಡ. ಕಾಲುಗುರಿಗೆಂದೇ ಮಾಡಿದ ದೊಡ್ಡ ನೇಲ್ ಕಟರ್ ಮತ್ತು ಉಗುರು ಉಜ್ಜುವ ಅರ ಇದ್ದರೆ ಸಾಕು. ನೇಲ್ ಕಟರ್ ಎರಡು ಸನ್ನೆಗಳ ಜೋಡಿ. ಮೇಲಿನ ಹಿಡಿ ಎರಡನೇ ದರ್ಜೆಯ ಸನ್ನೆ. ಬಾಯಿರುವ ಕೆಳಗಿನ ಪಟ್ಟಿಗಳು ಮೂರನೇ ದರ್ಜೆಯ ಸನ್ನೆ. ಹಿಡಿ ನಮ್ಮ ಬಲವನ್ನು ಹೆಚ್ಚಿಸುತ್ತದೆ, ಪಟ್ಟಿಗಳು ಅದನ್ನು ಹದವಾಗಿ ಬಾಯಿಗೆ ಮುಟ್ಟಿಸುತ್ತವೆ. ಬ್ಲೇಡಿನಲ್ಲಿ ಜಾರಿದರೆ ತಡೆಯುವುದು ಏನೂ ಇಲ್ಲ. ಬಳಸುವ ಮೊದಲೂ ನಂತರವೂ ಸಾಧನವನ್ನು ಸೋಪು ನೀರಿನಲ್ಲಿ ತೊಳೆದು, ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಬೇಕು. ಹಿರಿಯರ ಕಟರ್ ಅವರಿಗೇ ಬೇರೆ ಇರಲಿ.

ಕತ್ತರಿಸುವುದು: ನೇರವಾಗಿ, ಸಣ್ಣ ಸಣ್ಣ ತುಂಡಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಇಡೀ ಉಗುರನ್ನು ಒಂದೇ ಏಟಿಗೆ ಕತ್ತರಿಸಲು ಹೋದರೆ ಅದು ಸೀಳುತ್ತದೆ. ತುದಿಯಲ್ಲಿ ಒಂದೆರಡು ಮಿಲಿಮೀಟರ್ ಬಿಳಿ ಉಳಿಯಬೇಕು. ಮೂಲೆಗಳನ್ನು ದುಂಡಗೆ ಒಳಗೆ ಕೊರೆಯಬಾರದು. ಹಾಗೆ ಕೊರೆದರೆ ಪಕ್ಕದ ಚರ್ಮ ಆ ಜಾಗಕ್ಕೆ ಉಬ್ಬಿಕೊಳ್ಳುತ್ತದೆ. ಮುಂದೆ ಬೆಳೆಯುವ ಉಗುರು ಅದರೊಳಗೆ ಚುಚ್ಚಿಕೊಂಡು ಬರುತ್ತದೆ. ಚೂಪಾದ ಮೂಲೆಯನ್ನು ಅರದಿಂದ ಉಜ್ಜಿ ನಯ ಮಾಡಿದರೆ ಸಾಕು. ದಪ್ಪ ಉಗುರನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಉಜ್ಜಿ ತೆಳುವಾಗಿಸಬೇಕು. ಒಂದೇ ದಿನ ಮುಗಿಸುವ ಅವಸರ ಬೇಡ. ಬುಡದ ತೆಳುಚರ್ಮವನ್ನು ಮುಟ್ಟಬಾರದು. ಅದು ಬಿರಡೆ ಎಂಬುದನ್ನು ಮರೆಯಬಾರದು.

ಕೊನೆಗೆ: ಹಿಮ್ಮಡಿಗೂ ಪಾದದ ಮೇಲೂ ಸ್ವಲ್ಪ ಕೊಬ್ಬರಿ ಎಣ್ಣೆ ಸವರಬಹುದು. ಬೆರಳ ಸಂದಿಗೆ ಬೇಡ, ಅಲ್ಲಿ ತೇವ ಉಳಿದರೆ ಶಿಲೀಂಧ್ರಕ್ಕೆ ಅನುಕೂಲ. ಕಾಲುಗುರು ನಿಧಾನವಾಗಿ ಬೆಳೆಯುವುದರಿಂದ ಇಷ್ಟೆಲ್ಲ ಮಾಡಬೇಕಾದದ್ದು ಆರರಿಂದ ಎಂಟು ವಾರಕ್ಕೊಮ್ಮೆ ಮಾತ್ರ.

ಗಾಯವಾದರೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಚರ್ಮಕ್ಕೆ ತಗುಲುತ್ತದೆ. ಆಗ ಶುಚಿಯಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ರಕ್ತ ನಿಂತ ಮೇಲೆ ಸೋಪು ನೀರಿನಿಂದ ತೊಳೆದು, ಒಣಗಿಸಿ, ಶುಚಿಯಾದ ಪಟ್ಟಿ ಕಟ್ಟಬೇಕು. ಸುಣ್ಣ, ಕಾಫಿಪುಡಿ, ಹೊಗೆಸೊಪ್ಪಿನ ಪುಡಿ, ಬ್ಯಾಟರಿಯ ಮಸಿ ಇಂಥದ್ದನ್ನು ಮೆತ್ತಬಾರದು. ಸುಣ್ಣ ಚರ್ಮವನ್ನು ಸುಡುತ್ತದೆ. ಪುಡಿಗಳು ಗಾಯವನ್ನು ಮುಚ್ಚಿ ಒಳಗಿನ ಕೀವು ಕಾಣದಂತೆ ಮಾಡುತ್ತವೆ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಸಕ್ಕರೆ ಕಾಯಿಲೆಯವರ ಪಾದದ ಗಾಯ ಎಷ್ಟೇ ಚಿಕ್ಕದಿರಲಿ, ಅಂದೇ ಅಥವಾ ಮರುದಿನವೇ ವೈದ್ಯರ ಕಣ್ಣಿಗೆ ಬೀಳಬೇಕು. ಸುತ್ತ ಕೆಂಪೇರಿದರೆ, ಊದಿದರೆ, ಬಿಸಿಯಾದರೆ, ವಾಸನೆ ಬಂದರೆ, ಬೆರಳು ಕಪ್ಪಾಗತೊಡಗಿದರೆ ಒಂದು ಗಂಟೆಯನ್ನೂ ಕಾಯಬಾರದು. ನಾಟಿ ಮುಗಿಯಲಿ, ಸಂತೆ ಕಳೆಯಲಿ, ಮಗ ಬೆಂಗಳೂರಿನಿಂದ ಬರಲಿ ಎಂದು ಮುಂದೂಡಿದ ದಿನಗಳೇ ಕಾಲನ್ನು ಕಳೆಯುತ್ತವೆ.

ಮೊದಲು ಹೋಗಬೇಕಾದದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಮೂವತ್ತು ದಾಟಿದವರ ಸಕ್ಕರೆ, ರಕ್ತದೊತ್ತಡ ಪರೀಕ್ಷೆಯ ಸರ್ಕಾರಿ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿವರ ತಿಳಿಯುತ್ತದೆ. ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಗತ್ಯವಾದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ. ಪಾದದ ಚಿಕಿತ್ಸೆ ವೈದ್ಯಕೀಯದ ಪ್ರತ್ಯೇಕ ಶಾಖೆಯಾಗಿ ಬೆಳೆದಿದ್ದು, ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಅಂತಃಸ್ರಾವ ಸಂಶೋಧನಾ ಸಂಸ್ಥೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದಕ್ಕೆಂದೇ ಚಿಕಿತ್ಸೆ ದೊರೆಯುತ್ತದೆ. ವೈದ್ಯರ ಮುಂದೆ ಕುಳಿತಾಗ ಸಕ್ಕರೆಯ ಅಂಕಿ ಮಾತ್ರ ಹೇಳಿ ಎದ್ದು ಬರಬಾರದು. ಚಪ್ಪಲಿ ಬಿಟ್ಟು, ಪಾದ ತೋರಿಸಿ ಬರಬೇಕು.

ಎರಡು ನಿಮಿಷದ ಕೆಲಸ

ಉಗುರು ತೆಗೆಯುವುದು ತಿಂಗಳ ಕೆಲಸವಾದರೆ, ಪಾದ ನೋಡುವುದು ದಿನದ ಕೆಲಸ. ಸಂಜೆ ಕಾಲು ತೊಳೆದ ಮೇಲೆ ಎರಡು ನಿಮಿಷ ಸಾಕು. ಪಾದದ ಮೇಲ್ಭಾಗ, ಬೆರಳ ಸಂದಿ, ಹಿಮ್ಮಡಿ, ಅಂಗಾಲು ನೋಡಬೇಕು. ನೋಡುವವರು ಯಾರೂ ಇಲ್ಲದಿದ್ದರೆ ನೆಲದ ಮೇಲೊಂದು ಕನ್ನಡಿ ಇಟ್ಟು ಹಿರಿಯರೇ ಅಂಗಾಲು ನೋಡಿಕೊಳ್ಳಬಹುದು. ಚಪ್ಪಲಿ ಮೆಟ್ಟುವ ಮುನ್ನ ಅದರಲ್ಲಿ ಕಲ್ಲು, ಮುಳ್ಳು, ಎದ್ದ ಮೊಳೆ ಇದೆಯೇ ಎಂದು ಕೈಯಾಡಿಸಬೇಕು. ಬರಿಗಾಲಿನ ಓಡಾಟ ಅರಿವು ಕುಂದಿದ ಕಾಲಿಗೆ ಸಲ್ಲದು.

ಈ ಕೆಲಸಕ್ಕೆ ಮನೆಯಲ್ಲಿ ಅತ್ಯಂತ ತಕ್ಕವರು ಮಕ್ಕಳೇ. ಅವರ ಕಣ್ಣು ಚುರುಕು, ಸೊಂಟ ಬಗ್ಗುತ್ತದೆ, ಅಜ್ಜಿ ತಾತಂದಿರಿಗೆ ಅವರ ಮುಂದೆ ಸಂಕೋಚವೂ ಕಡಿಮೆ. ಕತ್ತರಿಸುವ ಕೆಲಸವನ್ನು ತಂದೆ ತಾಯಿ ಮಾಡಲಿ, ನೋಡುವ ಕೆಲಸ ಮಕ್ಕಳದಾಗಲಿ. "ಓದೋದು ಬಿಟ್ಟು ಅಲ್ಲೇನ್ ಮಾಡ್ತಿದ್ದೀಯಾ?" ಎಂದು ಯಾವ ತಾಯಿಯೂ ಗದರುವ ಅಗತ್ಯವಿಲ್ಲ. ಹತ್ತನೇ ತರಗತಿಯ ಜೀವಶಾಸ್ತ್ರದ ನರಮಂಡಲದ ಪಾಠ ಆ ಜಗುಲಿಯ ಮೇಲೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮಾಡಿ ನೋಡಿ

ನಿಮ್ಮ ಕಾಲಿನ ಹೆಬ್ಬೆರಳಿನ ಉಗುರಿನ ಬುಡಕ್ಕೆ ಹತ್ತಿರವಾಗಿ ಉಗುರು ಬಣ್ಣದಿಂದ ಸಣ್ಣ ಚುಕ್ಕೆ ಇಡಿ. ಅಜ್ಜಿಯ ಅಥವಾ ತಾತನ ಉಗುರಿಗೂ ಹಾಗೆಯೇ ಇಡಿ. ಬುಡದ ಚರ್ಮದಿಂದ ಚುಕ್ಕೆಗೆ ಎಷ್ಟು ದೂರ ಎಂದು ಅಳತೆಪಟ್ಟಿಯಿಂದ ಅಳೆದು, ದಿನಾಂಕದೊಡನೆ ನೋಟ್ ಪುಸ್ತಕದಲ್ಲಿ ಬರೆಯಿರಿ. ಬಣ್ಣ ಮಾಸುವ ಮುನ್ನವೇ ಚುಕ್ಕೆಯ ಮೇಲೆಯೇ ಮತ್ತೆ ಬಣ್ಣ ಇಡಿ. ತಿಂಗಳಿಗೊಮ್ಮೆ ಅಳೆಯಿರಿ. ಆರು ತಿಂಗಳ ಬಳಿಕ ಇಬ್ಬರ ಉಗುರಿನ ವೇಗವನ್ನು ನಕ್ಷೆಯಲ್ಲಿ ಗುರುತಿಸಿ. ಡಾ. ಬೀನ್ 35 ವರ್ಷ ಮಾಡಿದ್ದನ್ನು ನೀವು ಆರು ತಿಂಗಳು ಮಾಡಿದರೂ ವಯಸ್ಸಿನ ವ್ಯತ್ಯಾಸ ಕಣ್ಣಿಗೆ ಕಾಣಬಹುದು. ಅಷ್ಟರಲ್ಲಿ ಅಜ್ಜಿಯ ಪಾದವನ್ನು ಆರು ಸಲವಾದರೂ ಹತ್ತಿರದಿಂದ ನೋಡಿರುತ್ತೀರಿ.

ಮುಂದಿನ ಪರೀಕ್ಷೆಗೆ ಹೊರಡುವಾಗ ಕಾಲಿಗೆ ನಮಸ್ಕರಿಸುವುದನ್ನು ಬಿಡಬೇಡಿ. ಕಣ್ಣು ಮಾತ್ರ ತೆರೆದಿರಲಿ.